ಕರುಳಿನ ಕ್ಯಾನ್ಸರ್ ಅಂಡಾಶಯಕ್ಕೆ ಹರಡಿದಾಗ: ಮೊದಲು ಕೀಮೋ ಕೊಡಬೇಕೋ, ಆಪರೇಷನ್ ಮಾಡಬೇಕೋ?

ಪ್ರಶ್ನೆ: ನನ್ನ ಅಕ್ಕನಿಗೆ ಈಗ 43 ವರ್ಷ. ಎರಡು ವರ್ಷದ ಹಿಂದೆ ದೊಡ್ಡಕರುಳಿನ ಎಡಭಾಗದಲ್ಲಿ (ಸಿಗ್ಮಾಯ್ಡ್ ಅಂದರು) ಕ್ಯಾನ್ಸರ್ ಸಿಕ್ಕಿ ಆಪರೇಷನ್ ಆಯಿತು. ರಿಪೋರ್ಟಿನಲ್ಲಿ ಟಿ4ಎ, ಎನ್1 ಎಂದು ಬರೆದಿದ್ದರು. ಆಮೇಲೆ ಆರು ತಿಂಗಳು ಫೋಲ್ಫಾಕ್ಸ್ ಕೀಮೋ ಕೊಟ್ಟರು. ಈಗ ಎರಡು ತಿಂಗಳಿಂದ ಹೊಟ್ಟೆ ಉಬ್ಬರ, ಮುಟ್ಟಿನಲ್ಲಿ ಏರುಪೇರು. ಸಿಟಿ ಸ್ಕ್ಯಾನ್ ಮಾಡಿದಾಗ ಬಲ ಅಂಡಾಶಯದಲ್ಲಿ 11 ಸೆಂ.ಮೀ. ಗಡ್ಡೆ ಕಂಡಿದೆ, ಎಡ ಅಂಡಾಶಯವೂ ದಪ್ಪಗಾಗಿದೆ. ಹೊಟ್ಟೆಯಲ್ಲೂ ಬಲ ಎದೆಗೂಡಿನಲ್ಲೂ ಸ್ವಲ್ಪ ನೀರಿದೆ. ಲಿವರ್, ಶ್ವಾಸಕೋಶದಲ್ಲಿ ಏನೂ ಇಲ್ಲ. ಸಿಇಎ 38, ಸಿಎ-125 110 ಬಂದಿದೆ. ಒಬ್ಬರು ಡಾಕ್ಟರು ಇದು ಹೊಸ ಅಂಡಾಶಯದ ಕ್ಯಾನ್ಸರ್ ಅನ್ನುತ್ತಾರೆ, ಇನ್ನೊಬ್ಬರು ಹಳೆಯದೇ ಮರಳಿದೆ, ಕೀಮೋ ಶುರು ಮಾಡೋಣ ಅನ್ನುತ್ತಾರೆ. ಯಾರ ಮಾತು ಕೇಳಬೇಕು? ಎರಡೂ ಅಂಡಾಶಯ ತೆಗೆಯಲೇಬೇಕಾ? ಗರ್ಭಕೋಶವೂ ಹೋಗುತ್ತದಾ? ಎದೆಯಲ್ಲಿ ನೀರಿದೆ ಅಂದರೆ ಅಲ್ಲಿಗೂ ಹರಡಿದೆಯಾ?

ಉತ್ತರ: ನೀವು ಕೊಟ್ಟ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಇದು ಎರಡು ವರ್ಷದ ಹಿಂದಿನ ಕರುಳಿನ ಕ್ಯಾನ್ಸರೇ ಅಂಡಾಶಯದಲ್ಲಿ ಬೆಳೆದಿರುವ ಸಾಧ್ಯತೆ ಹೆಚ್ಚು. ಆದರೆ ಅಷ್ಟು ಹೇಳಿ "ಹಾಗಾದರೆ ಕೀಮೋ ಶುರು ಮಾಡೋಣ" ಎಂದು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಕರುಳಿನ ಕ್ಯಾನ್ಸರ್ ಲಿವರಿಗೋ ಶ್ವಾಸಕೋಶಕ್ಕೋ ಹೋದಾಗ ಕೀಮೋಗೆ ಬಗ್ಗುವಷ್ಟು, ಅಂಡಾಶಯಕ್ಕೆ ಹೋದಾಗ ಬಗ್ಗುವುದಿಲ್ಲ. ಈ ಒಂದು ಸಂಗತಿ ಗೊತ್ತಿದ್ದರೆ ಚಿಕಿತ್ಸೆಯ ಕ್ರಮವೇ ಬದಲಾಗುತ್ತದೆ. ಆ ವಿಷಯಕ್ಕೆ ಬರುವ ಮೊದಲು, ಇದು ಹಳೆಯದೇ ಎಂದು ಯಾಕೆ ಅನ್ನಿಸುತ್ತದೆ ಎಂಬುದನ್ನು ಹೇಳುತ್ತೇನೆ.

ಹಳೆಯ ರಿಪೋರ್ಟಿನ ಟಿ4ಎ ಎಂಬ ಎರಡು ಅಕ್ಷರ, ಒಂದು ಅಂಕಿಯಲ್ಲೇ ಅರ್ಧ ಸುಳಿವಿದೆ. ಗಡ್ಡೆ ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ದಾಟಿ, ಕರುಳಿನ ಹೊರಮೈಗೆ ಹೊದ್ದಿರುವ ತೆಳುವಾದ ಪೊರೆಯನ್ನೂ ತೂರಿ ಬಂದಿತ್ತು ಎಂದು ಅದರ ಅರ್ಥ. (ಎನ್1 ಎಂದರೆ ಹತ್ತಿರದ ಕೆಲವೇ ದುಗ್ಧರಸ ಗ್ರಂಥಿಗಳಿಗೂ ತಲುಪಿತ್ತು ಎಂದು.) ಹಾಗೆ ಹೊರಬಂದ ಗಡ್ಡೆಯಿಂದ ಜೀವಕೋಶಗಳು ಉದುರಿ, ಹೊಟ್ಟೆಯೊಳಗಿನ ದ್ರವದಲ್ಲಿ ತೇಲಿ ಕಿಬ್ಬೊಟ್ಟೆಗೆ ಇಳಿಯುತ್ತವೆ. ಸಿಗ್ಮಾಯ್ಡ್ ಕರುಳಿನ ಪಕ್ಕದಲ್ಲೇ ಅಂಡಾಶಯಗಳಿವೆ. ಮುಟ್ಟು ನಿಲ್ಲದ ಹೆಣ್ಣುಮಕ್ಕಳಲ್ಲಿ ಪ್ರತಿ ತಿಂಗಳು ಅಂಡ ಹೊರಬರುವಾಗ ಅಂಡಾಶಯದ ಮೇಲ್ಮೈ ಸೀಳಿ ಮತ್ತೆ ಕೂಡುತ್ತದೆ, ಅಲ್ಲಿ ರಕ್ತದ ಓಡಾಟವೂ ಜಾಸ್ತಿ. ಉದುರಿದ ಕೋಶಗಳಿಗೆ ಬೇರೂರಲು ಇದು ಅನುಕೂಲ. ರಕ್ತನಾಳ ಮತ್ತು ದುಗ್ಧರಸ ನಾಳಗಳ ಮೂಲಕವೂ ಅವು ಅಲ್ಲಿಗೆ ತಲುಪಬಹುದು. ದೊಡ್ಡಕರುಳಿನ ಕ್ಯಾನ್ಸರ್ ಇರುವ ಮಹಿಳೆಯರಲ್ಲಿ ಸುಮಾರು ನೂರಕ್ಕೆ ಮೂರರಿಂದ ಐದು ಮಂದಿಗೆ ಅಂಡಾಶಯಕ್ಕೆ ಹರಡುತ್ತದೆ. ಮುಟ್ಟು ನಿಲ್ಲುವ ಮೊದಲಿನ ವಯಸ್ಸಿನವರಲ್ಲಿ ಈ ಪ್ರಮಾಣ ಹೆಚ್ಚು.

ಎರಡನೆಯ ಸುಳಿವು ಎರಡೂ ಕಡೆ ಬದಲಾವಣೆ ಇರುವುದು. ಬೇರೆಡೆಯಿಂದ ಬಂದ ಗಡ್ಡೆಗಳು ಎರಡೂ ಅಂಡಾಶಯಗಳಲ್ಲಿ ಕಾಣುವುದು ಸಾಮಾನ್ಯ. ಮೂರನೆಯದು ನೀವು ಬರೆದಿರುವ ಎರಡು ರಕ್ತಪರೀಕ್ಷೆ: ಕರುಳಿನ ಕ್ಯಾನ್ಸರಿನಲ್ಲಿ ಏರುವ ಸಿಇಎ, ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಸಿಎ-125. ಸಿಎ-125 ಹೆಚ್ಚಿದ ಕೂಡಲೇ "ಅಂಡಾಶಯದ ಕ್ಯಾನ್ಸರ್" ಎಂದುಬಿಡುವುದು ತುಂಬಾ ಕಡೆ ನಡೆಯುವ ತಪ್ಪು. ಹೊಟ್ಟೆಯ ಒಳಪೊರೆಗೆ ಯಾವುದರಿಂದ ಕಿರಿಕಿರಿಯಾದರೂ, ಹೊಟ್ಟೆಯಲ್ಲಿ ನೀರು ತುಂಬಿದರೂ ಸಿಎ-125 ಏರುತ್ತದೆ. ಅದರ ಸಾಮಾನ್ಯ ಮಿತಿ 35, ಸಿಇಎಯ ಮಿತಿ ಸುಮಾರು 5. ಎರಡನ್ನೂ ಬೇರೆ ಬೇರೆ ನೋಡುವ ಬದಲು ಸಿಎ-125 ಅನ್ನು ಸಿಇಎಯಿಂದ ಭಾಗಿಸಿ ನೋಡುವ ರೂಢಿಯಿದೆ. ಉತ್ತರ 25ಕ್ಕಿಂತ ಹೆಚ್ಚಿದ್ದರೆ ಅಂಡಾಶಯದಲ್ಲೇ ಹುಟ್ಟಿದ್ದು ಎಂಬ ಕಡೆಗೆ ವಾಲುತ್ತದೆ, ಕಡಿಮೆಯಿದ್ದರೆ ಜೀರ್ಣಾಂಗವನ್ನು ಅನುಮಾನಿಸಬೇಕು. ನಿಮ್ಮ ಅಕ್ಕನ ಲೆಕ್ಕದಲ್ಲಿ 110ನ್ನು 38ರಿಂದ ಭಾಗಿಸಿದರೆ ಮೂರೂ ಆಗುವುದಿಲ್ಲ. ಇದು ಸಾಕ್ಷಿಯಷ್ಟೇ, ತೀರ್ಪಲ್ಲ. ಆದರೂ ಬಲವಾದ ಸಾಕ್ಷಿ.

ಒಂದು ಕಡೆ ಮಾತ್ರ ದೊಡ್ಡ ಗಡ್ಡೆಯಿದ್ದರೆ ಅದು ಅಂಡಾಶಯದ್ದೇ, ಎರಡೂ ಕಡೆ ಚಿಕ್ಕಚಿಕ್ಕದಿದ್ದರೆ ಹೊರಗಿನಿಂದ ಬಂದದ್ದು ಎಂಬ ಸೂತ್ರವೊಂದು ಸ್ತ್ರೀರೋಗ ತಜ್ಞರ ಬಳಿ ಇದೆ. ಲೋಳೆ ತುಂಬಿದ ಗಡ್ಡೆಗಳ ವಿಷಯದಲ್ಲಿ 10 ಸೆಂ.ಮೀ. ಆಸುಪಾಸನ್ನು ಗೆರೆಯಾಗಿ ಇಟ್ಟುಕೊಳ್ಳುತ್ತಾರೆ. ಕರುಳಿನಿಂದ ಬಂದ ಗಡ್ಡೆಗಳು ಈ ಸೂತ್ರವನ್ನು ಪದೇ ಪದೇ ಮುರಿಯುತ್ತವೆ. ಒಂದೇ ಬದಿಯಲ್ಲಿ, 10–15 ಸೆಂ.ಮೀ. ಗಾತ್ರಕ್ಕೆ, ಒಳಗೆ ನೀರಿನ ಚೀಲಗಳನ್ನೂ ಮಾಡಿಕೊಂಡು ಬೆಳೆದು ಥೇಟ್ ಅಂಡಾಶಯದ ಕ್ಯಾನ್ಸರಿನಂತೆಯೇ ಕಾಣುತ್ತವೆ. ಹಾಗಾಗಿ ಸ್ಕ್ಯಾನ್ ನೋಡಿ ಹೊಸ ಕಾಯಿಲೆ ಅಂದ ಡಾಕ್ಟರನ್ನು ದೂರುವಂತಿಲ್ಲ. ಚಿತ್ರ ಇರುವುದೇ ಹಾಗೆ.

ಹೆಸರಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಎಂದು ನೀವು ಕೇಳಬಹುದು. ಬೇಕು. ಅಂಡಾಶಯದ ಸಾಮಾನ್ಯ ಕ್ಯಾನ್ಸರಿಗೆ ಕೊಡುವುದು ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್. ಕರುಳಿನ ಕ್ಯಾನ್ಸರಿನ ಮೇಲೆ ಆ ಜೋಡಿ ಕೆಲಸ ಮಾಡುವುದಿಲ್ಲ. ಹೆಸರು ತಪ್ಪಿದರೆ ಮೂರು ತಿಂಗಳು ಸುಸ್ತು, ವಾಂತಿ, ಕೂದಲು ಉದುರುವುದು ಎಲ್ಲವನ್ನೂ ಅನುಭವಿಸಿ ಗಡ್ಡೆ ಮಾತ್ರ ಬೆಳೆದಿರುತ್ತದೆ.

ಖಚಿತ ಉತ್ತರ ಕೊಡುವವರು ಪೆಥಾಲಜಿಸ್ಟ್. ಅವರು ಗಡ್ಡೆಯ ತುಣುಕಿಗೆ ಬಣ್ಣ ಹಾಕುವ ವಿಶೇಷ ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಚಿಕ್ಕದಾಗಿ ಐಎಚ್‌ಸಿ ಎನ್ನುತ್ತಾರೆ. ಕರುಳಿನಿಂದ ಬಂದ ಕೋಶಗಳಲ್ಲಿ ಸಾಮಾನ್ಯವಾಗಿ ಸಿಕೆ20, ಸಿಡಿಎಕ್ಸ್2, ಸ್ಯಾಟ್‌ಬಿ2 ಎಂಬ ಗುರುತು ಪ್ರೋಟೀನುಗಳು ಪಾಸಿಟಿವ್ ಬರುತ್ತವೆ, ಸಿಕೆ7 ನೆಗೆಟಿವ್ ಇರುತ್ತದೆ. ಅಂಡಾಶಯದಲ್ಲೇ ಹುಟ್ಟಿದ್ದರೆ ಸಿಕೆ7 ಪಾಸಿಟಿವ್. ಅದರ ಅತಿ ಸಾಮಾನ್ಯ ಬಗೆಯಾದ ಸೀರಸ್ ಗಡ್ಡೆಯಲ್ಲಿ ಪ್ಯಾಕ್ಸ್8, ಡಬ್ಲ್ಯುಟಿ1 ಕೂಡ ಪಾಸಿಟಿವ್. ತೊಡಕಿರುವುದು ಅಂಡಾಶಯದ ಲೋಳೆ ಗಡ್ಡೆಗಳಲ್ಲಿ. ಅವುಗಳಲ್ಲಿ ಸಿಕೆ20, ಸಿಡಿಎಕ್ಸ್2 ಕೂಡ ಅಲ್ಲಲ್ಲಿ ಬಣ್ಣ ಹಿಡಿಯಬಹುದು, ಪ್ಯಾಕ್ಸ್8 ಬಾರದೆಯೂ ಇರಬಹುದು. ಅಲ್ಲಿ ಸ್ಯಾಟ್‌ಬಿ2 ಹೆಚ್ಚು ನೆರವಿಗೆ ಬರುತ್ತದೆ. ಇವೆಲ್ಲಕ್ಕಿಂತ ಉಪಯುಕ್ತವಾದದ್ದು ಹಳೆಯ ಗಡ್ಡೆಯ ಪಕ್ಕದಲ್ಲಿ ಹೊಸದನ್ನಿಟ್ಟು ಹೋಲಿಸುವುದು. ಮೊದಲ ಆಪರೇಷನ್ ಆದ ಆಸ್ಪತ್ರೆಯ ಲ್ಯಾಬಿನಲ್ಲಿ ಗಡ್ಡೆಯ ತುಣುಕುಗಳಿರುವ ಮೇಣದ ಬ್ಲಾಕ್‌ಗಳೂ ಸ್ಲೈಡ್‌ಗಳೂ ಇರುತ್ತವೆ. ಅರ್ಜಿ ಬರೆದುಕೊಟ್ಟು ಅವನ್ನು ಪಡೆಯಿರಿ, ಹೊಸ ಆಪರೇಷನ್ ಮಾಡುವ ಆಸ್ಪತ್ರೆಗೆ ಮುಂಚೆಯೇ ತಲುಪಿಸಿ. ಬರೀ ರಿಪೋರ್ಟಿನ ಜೆರಾಕ್ಸ್ ಸಾಲದು. ಸಿಟಿ ಸ್ಕ್ಯಾನಿನದೂ ಅಷ್ಟೇ: ಚಿತ್ರಗಳಿರುವ ಸಿಡಿ ಬೇಕು.

ರಿಪೋರ್ಟಿನಲ್ಲಿ "ಕ್ರುಕೆನ್‌ಬರ್ಗ್ ಟ್ಯೂಮರ್" ಎಂಬ ಹೆಸರು ಕಂಡರೆ ಹೊಸ ರೋಗವೆಂದು ಗಾಬರಿಯಾಗಬೇಡಿ. 1896ರಲ್ಲಿ ಜರ್ಮನಿಯ ವೈದ್ಯ ಕ್ರುಕೆನ್‌ಬರ್ಗ್ ಇದನ್ನು ಅಂಡಾಶಯದಲ್ಲೇ ಹುಟ್ಟುವ ಗಡ್ಡೆಯೆಂದು ವಿವರಿಸಿದರು. ಅದು ಜೀರ್ಣಾಂಗದಿಂದ ಬರುವುದೆಂದು 1902ರ ಹೊತ್ತಿಗೆ ತಿಳಿಯಿತು. ಕಟ್ಟುನಿಟ್ಟಾಗಿ ಹೇಳುವುದಾದರೆ ಉಂಗುರದಾಕಾರದ ಲೋಳೆ ಕೋಶಗಳಿರುವ ಗಡ್ಡೆಗೆ ಮಾತ್ರ ಆ ಹೆಸರು, ಮತ್ತು ಅದು ಹೆಚ್ಚಾಗಿ ಜಠರದಿಂದ ಬರುತ್ತದೆ. ರೂಢಿಯಲ್ಲಿ ಅಂಡಾಶಯಕ್ಕೆ ಹರಡಿದ ಎಲ್ಲ ಜೀರ್ಣಾಂಗದ ಕ್ಯಾನ್ಸರುಗಳಿಗೂ ಹಾಗೆ ಬರೆದುಬಿಡುತ್ತಾರೆ.

ಇನ್ನು ನಿಮ್ಮನ್ನು ಹೆಚ್ಚು ಹೆದರಿಸಿರುವ ಎದೆಯ ನೀರಿನ ವಿಷಯ. ಎದೆಗೂಡಿನಲ್ಲಿ ನೀರು ಸೇರಿದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲಿಗೆ ಹೋಗಿದೆ ಎಂದಲ್ಲ. ಅಂಡಾಶಯದಲ್ಲಿ ದೊಡ್ಡ ಗಡ್ಡೆಯಿದ್ದಾಗ ಹೊಟ್ಟೆಯಲ್ಲಿ ನೀರು ಊರಿ, ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಸಣ್ಣ ಸಂದುಗಳ ಮೂಲಕ ಎದೆಗೆ, ಅದರಲ್ಲೂ ಬಲಕ್ಕೆ, ಏರುವುದುಂಟು. ಇದಕ್ಕೆ ಸ್ಯೂಡೋ-ಮೀಗ್ಸ್ ಸಿಂಡ್ರೋಮ್ ಎಂದು ಹೆಸರು. ಅಂಡಾಶಯದ ಗಡ್ಡೆ ತೆಗೆದ ಮೇಲೆ ಆ ನೀರು ತಾನಾಗಿ ಇಂಗಿಹೋಗುತ್ತದೆ. ಇದನ್ನು ತಿಳಿಯದೆ "ಎದೆಗೆ ಹರಡಿದೆ, ಇನ್ನು ಆಪರೇಷನ್ ಇಲ್ಲ" ಎಂದು ಬಾಗಿಲು ಹಾಕಿಬಿಡುವುದು ದೊಡ್ಡ ಅನ್ಯಾಯ. ಎದೆಯ ನೀರನ್ನು ಸೂಜಿಯಿಂದ ತೆಗೆದು ಸೈಟಾಲಜಿಗೆ ಕಳಿಸಿ, ಅದರಲ್ಲಿ ಕ್ಯಾನ್ಸರ್ ಕೋಶಗಳಿವೆಯೇ ಎಂದು ನೋಡಿಸಿ. ಒಮ್ಮೆ ನೆಗೆಟಿವ್ ಬಂದು ಅನುಮಾನ ಉಳಿದರೆ ಮತ್ತೊಮ್ಮೆ ಕಳಿಸಬೇಕು. ನೀರು ತೀರಾ ಸ್ವಲ್ಪವಿದ್ದು ಸೂಜಿಗೆ ಸಿಗದಿದ್ದರೆ, ಆಪರೇಷನ್ ನಂತರ ಇಂಗಿತೇ ಎಂದು ಸ್ಕ್ಯಾನಿನಲ್ಲಿ ನೋಡುತ್ತಾರೆ.

ಆದರೆ ಅಂಡಾಶಯದ ಗಡ್ಡೆಗೇ ಹೊಟ್ಟೆಯ ಮೇಲಿನಿಂದ ಸೂಜಿ ಚುಚ್ಚಿ ಬಯಾಪ್ಸಿ ಮಾಡುವುದಕ್ಕೆ ಅವಸರದಿಂದ ಒಪ್ಪಬೇಡಿ. ನೀರಿನ ಚೀಲಗಳಿರುವ ಗಡ್ಡೆ ಒಡೆದರೆ ಒಳಗಿನ ಕೋಶಗಳು ಹೊಟ್ಟೆಯ ತುಂಬ ಚೆಲ್ಲಿಹೋಗುತ್ತವೆ. ಗಡ್ಡೆಯನ್ನು ಇಡಿಯಾಗಿ ತೆಗೆಯಲು ಸಾಧ್ಯವಿದ್ದಾಗ ಆ ಅಪಾಯ ಬೇಕಿಲ್ಲ. ಹೊಟ್ಟೆಯ ಪೊರೆಯ ಮೇಲೆ ಬೇರೆ ಗಂಟುಗಳಿದ್ದು ಮೊದಲು ಕೀಮೋ ಕೊಡಬೇಕಾದ ಸ್ಥಿತಿಯಿದ್ದರೆ ಅಂಥ ಗಂಟಿನಿಂದ ತುಣುಕು ತೆಗೆಯಬಹುದು.

ಆಪರೇಷನ್‌ಗೆ ಮೊದಲು ಆಗಬೇಕಾದ ಪರೀಕ್ಷೆಗಳು ಬೇರೆ ಇವೆ. ಎದೆ, ಹೊಟ್ಟೆ, ಕಿಬ್ಬೊಟ್ಟೆ ಮೂರರದೂ ಕಾಂಟ್ರಾಸ್ಟ್ ಸಿಟಿ ಬೇಕು. ಕಳೆದ ಒಂದು ವರ್ಷದಲ್ಲಿ ಆಗಿಲ್ಲದಿದ್ದರೆ ಕೊಲೊನೋಸ್ಕೋಪಿ ಮಾಡಿಸಬೇಕು: ಹಳೆಯ ಹೊಲಿಗೆಯ ಜಾಗದಲ್ಲಿ ಮರುಕಳಿಸಿದೆಯೇ, ಕರುಳಿನಲ್ಲಿ ಹೊಸದೇನಾದರೂ ಇದೆಯೇ ನೋಡಲು. ಕಿಬ್ಬೊಟ್ಟೆಯ ಎಂಆರ್‌ಐ ಗಡ್ಡೆಯ ಒಳರಚನೆಯನ್ನೂ ಮೂತ್ರನಾಳದ ಮೇಲೆ ಅದು ಒತ್ತುತ್ತಿದೆಯೇ ಎಂಬುದನ್ನೂ ಚೆನ್ನಾಗಿ ತೋರಿಸುತ್ತದೆ. ಪೆಟ್ ಸ್ಕ್ಯಾನಿನ ಮೇಲೆ ಪೂರ್ತಿ ಭರವಸೆ ಬೇಡ. ಲೋಳೆ ಹೆಚ್ಚಿರುವ ಗಡ್ಡೆಗಳು ಅದರಲ್ಲಿ ಮಂಕಾಗಿ ಕಾಣುತ್ತವೆ, ಮುಟ್ಟಾಗುತ್ತಿರುವವರಲ್ಲಿ ಆರೋಗ್ಯವಂತ ಅಂಡಾಶಯವೇ ಕೆಲವು ದಿನ ಹೊಳೆಯುತ್ತದೆ. ಹೊಟ್ಟೆಯ ಒಳಪೊರೆಯ ಮೇಲಿರುವ ಅರ್ಧ ಸೆಂ.ಮೀ.ಗಿಂತ ಚಿಕ್ಕ ಗಂಟುಗಳು ಸಿಟಿಗೂ ಅನೇಕ ಸಲ ತಪ್ಪಿಹೋಗುತ್ತವೆ. ಅದಕ್ಕೇ ಆಪರೇಷನ್ ಶುರುವಿನಲ್ಲಿ ಕ್ಯಾಮರಾ ಹಾಕಿ ಇಡೀ ಹೊಟ್ಟೆ ನೋಡುವುದು ಒಳ್ಳೆಯ ಪದ್ಧತಿ.

ಈಗ ಮುಖ್ಯ ಪ್ರಶ್ನೆ: ಮೊದಲು ಯಾವುದು? ಕೀಮೋ ನಡೆಯುತ್ತಿರುವಾಗ ಲಿವರಿನ ಗಂಟುಗಳು ಕರಗುತ್ತಾ ಬರುತ್ತವೆ, ದುಗ್ಧರಸ ಗ್ರಂಥಿಗಳು ಚಿಕ್ಕದಾಗುತ್ತವೆ, ಸಿಇಎ ಇಳಿಯುತ್ತದೆ, ಆದರೆ ಅಂಡಾಶಯದ ಗಡ್ಡೆ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಈ ವಿಚಿತ್ರವನ್ನು ಕ್ಯಾನ್ಸರ್ ತಜ್ಞರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಹಾಗಾದಾಗ "ಔಷಧ ಕೆಲಸ ಮಾಡುತ್ತಿಲ್ಲ" ಎಂದು ಕೀಮೋ ಬದಲಿಸಿದರೆ ಎರಡು ನಷ್ಟ. ಉಳಿದ ಕಡೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಔಷಧವನ್ನು ಕೈಬಿಟ್ಟಂತಾಗುತ್ತದೆ, ಅಂಡಾಶಯದ ಗಡ್ಡೆಗೆ ಹೊಸ ಔಷಧವೂ ಹೆಚ್ಚೇನೂ ಮಾಡುವುದಿಲ್ಲ. ಅಷ್ಟರಲ್ಲಿ ಗಡ್ಡೆ 20 ಸೆಂ.ಮೀ. ದಾಟಿ ಕರುಳನ್ನೂ ಮೂತ್ರನಾಳವನ್ನೂ ಒತ್ತಬಹುದು, ತಿರುಚಿಕೊಂಡು ತಡೆಯಲಾರದ ನೋವು ಕೊಡಬಹುದು, ಒಡೆಯಬಹುದು.

ನಿಮ್ಮ ಅಕ್ಕನಂತೆ ಕಾಯಿಲೆ ಅಂಡಾಶಯಗಳಲ್ಲಿ ಮಾತ್ರ ಕಾಣುತ್ತಿದ್ದು, ದೇಹಸ್ಥಿತಿ ಚೆನ್ನಾಗಿದ್ದು, ತೊಂದರೆಯೂ ಶುರುವಾಗಿದ್ದರೆ ಮೊದಲು ಆಪರೇಷನ್ ಮಾಡಿ, ಆಮೇಲೆ ಕೀಮೋ ಕೊಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಲಿವರ್, ಶ್ವಾಸಕೋಶ, ಹೊಟ್ಟೆಯ ಪೊರೆ ಎಲ್ಲ ಕಡೆಯೂ ಕಾಯಿಲೆ ಹರಡಿದ್ದರೆ ಮೊದಲು ಕೀಮೋ ಕೊಡಬೇಕಾಗುತ್ತದೆ. ಆಗಲೂ ಸುಮಾರು ಎಂಟು ವಾರಕ್ಕೆ ಮೊದಲ ಸ್ಕ್ಯಾನ್ ಮಾಡಿ ಅಂಡಾಶಯವನ್ನು ಪ್ರತ್ಯೇಕವಾಗಿ ಅಳೆಯಬೇಕು. "ಒಟ್ಟಾರೆ ಸುಧಾರಿಸಿದೆ" ಎಂಬ ಒಂದು ಸಾಲಿನಲ್ಲಿ ಅಂಡಾಶಯದ ಬೆಳವಣಿಗೆ ಮುಚ್ಚಿಹೋಗಿರುತ್ತದೆ. ಪೂರ್ತಿ ಗುಣವಾಗದು ಎಂದು ಗೊತ್ತಿರುವ ಸ್ಥಿತಿಯಲ್ಲೂ, ಹೊಟ್ಟೆ ತುಂಬಿರುವ ಗಡ್ಡೆಯನ್ನು ತೆಗೆದರೆ ಊಟ ಸೇರುತ್ತದೆ, ಉಸಿರಾಟ ಹಗುರಾಗುತ್ತದೆ, ಮುಂದಿನ ಕೀಮೋ ತಡೆದುಕೊಳ್ಳುವ ಶಕ್ತಿ ಬರುತ್ತದೆ. ನಾಲ್ಕನೇ ಹಂತವೆಂಬ ಒಂದೇ ಕಾರಣಕ್ಕೆ ಆಪರೇಷನ್ ನಿರಾಕರಿಸುವುದು ಈ ಕಾಯಿಲೆಯ ಸ್ವಭಾವಕ್ಕೆ ಹೊಂದುವುದಿಲ್ಲ.

ಎರಡೂ ಅಂಡಾಶಯ ತೆಗೆಯಬೇಕೇ ಎಂದರೆ, ಹೌದು. ಒಂದು ಕಡೆ ಗಡ್ಡೆಯಿದ್ದು ಇನ್ನೊಂದು ನೋಡಲು ಚೆನ್ನಾಗಿದ್ದರೂ, ಸೂಕ್ಷ್ಮದರ್ಶಕದಲ್ಲಿ ಅದರೊಳಗೂ ಕ್ಯಾನ್ಸರ್ ಕೋಶಗಳು ಸಿಗುವುದು ಅಪರೂಪವಲ್ಲ. ಉಳಿಸಿದರೆ ಕೆಲವು ತಿಂಗಳಲ್ಲೇ ಮತ್ತೊಂದು ಆಪರೇಷನ್ ಬರಬಹುದು. ನಿಮ್ಮ ಅಕ್ಕನಿಗಂತೂ ಎಡಗಡೆಯೂ ಈಗಾಗಲೇ ದಪ್ಪಗಾಗಿದೆ. ಅಂಡನಾಳಗಳೂ ಜೊತೆಗೇ ಹೋಗುತ್ತವೆ. ಗರ್ಭಕೋಶವನ್ನು ಸುಮ್ಮನೆ ತೆಗೆಯಬೇಕಿಲ್ಲ. ಗಡ್ಡೆ ಅದಕ್ಕೆ ಅಂಟಿದ್ದರೆ, ಅದರಲ್ಲೂ ಕಾಯಿಲೆಯಿದ್ದರೆ, ಅಥವಾ ಮುಂದೆ ಹೇಳುವ ಲಿಂಚ್ ಸಿಂಡ್ರೋಮ್ ಇದ್ದರೆ ಮಾತ್ರ ಆ ಮಾತು. ಅಂಡಾಶಯದ ಮೂಲ ಕ್ಯಾನ್ಸರಿಗೆ ಮಾಡುವಂತೆ ಎಲ್ಲವನ್ನೂ ತೆಗೆಯುವ ದೊಡ್ಡ ಆಪರೇಷನ್ ಇಲ್ಲಿ ತಾನಾಗಿ ಬರುವುದಿಲ್ಲ.

ಸರ್ಜನ್ ಜೊತೆ ಮಾತಾಡುವಾಗ ಕೆಲವು ಸಂಗತಿಗಳನ್ನು ಸ್ಪಷ್ಟ ಮಾಡಿಕೊಳ್ಳಿ. 11 ಸೆಂ.ಮೀ. ಗಡ್ಡೆಯನ್ನು ಒಡೆಯದೆ ಇಡಿಯಾಗಿ ಹೊರತೆಗೆಯಬೇಕು. ಕೀಹೋಲ್ ಮೂಲಕವಾದರೆ ಹೊಟ್ಟೆಯೊಳಗೇ ಚೀಲಕ್ಕೆ ಹಾಕಿ ತೆಗೆಯಬೇಕು, ಅದು ಆಗದಿದ್ದರೆ ಹೊಟ್ಟೆಯ ನಡುವೆ ಉದ್ದ ಗಾಯ ಮಾಡುವುದೇ ಮೇಲು. ಗಾಯ ಚಿಕ್ಕದಿರಲಿ ಎಂಬ ಆಸೆಗೆ ಗಡ್ಡೆ ಒಡೆಯುವಂತಾಗಬಾರದು. ಹೊಟ್ಟೆಯ ನೀರನ್ನು ಪರೀಕ್ಷೆಗೆ ಕಳಿಸಬೇಕು, ವಪೆಯ ಕೆಳಗಿನಿಂದ ಕಿಬ್ಬೊಟ್ಟೆಯ ತಳದವರೆಗೆ ಒಳಪೊರೆಯನ್ನು ಕಣ್ಣಾರೆ ನೋಡಬೇಕು. ಪೊರೆಯ ಮೇಲೆ ಗಂಟುಗಳಿದ್ದರೆ ಪಿಸಿಐ ಎಂಬ ಅಂಕ ಬರೆಯುತ್ತಾರೆ. ಹೊಟ್ಟೆಯನ್ನು 13 ಭಾಗ ಮಾಡಿ ಪ್ರತಿ ಭಾಗಕ್ಕೆ 0ಯಿಂದ 3ರವರೆಗೆ ಅಂಕ ಕೊಡುವುದರಿಂದ ಗರಿಷ್ಠ 39. ಅಂಕ ಕಡಿಮೆಯಿದ್ದು, ಕಣ್ಣಿಗೆ ಕಾಣುವ ಎಲ್ಲ ಗಂಟುಗಳನ್ನೂ ತೆಗೆಯಲು ಸಾಧ್ಯವಾದರೆ ಅದರಿಂದ ನಿಜವಾದ ಲಾಭವಿದೆ. ಅಪೆಂಡಿಕ್ಸ್ ಇನ್ನೂ ಇದ್ದರೆ ಅದನ್ನೂ ನೋಡಬೇಕು, ಗಡ್ಡೆಯಲ್ಲಿ ಲೋಳೆ ಹೆಚ್ಚಿದ್ದರಂತೂ ತೆಗೆದು ಪರೀಕ್ಷಿಸಲೇಬೇಕು. ಅಂಡಾಶಯದ ಲೋಳೆ ಗಡ್ಡೆಗಳಿಗೆ ಎಷ್ಟೋ ಸಲ ಅಪೆಂಡಿಕ್ಸೇ ಮೂಲವಾಗಿರುತ್ತದೆ. ಆಪರೇಷನ್ ನಡುವೆ ಮಾಡುವ ಫ್ರೋಜನ್ ಸೆಕ್ಷನ್ (ತುಣುಕನ್ನು ಹೆಪ್ಪುಗಟ್ಟಿಸಿ ತಕ್ಷಣ ನೋಡುವ ಪರೀಕ್ಷೆ) ಇಂಥ ಗಡ್ಡೆಗಳಲ್ಲಿ ತಪ್ಪಬಹುದು. ಪೆಥಾಲಜಿಸ್ಟರಿಗೆ "ಟಿ4ಎ ಸಿಗ್ಮಾಯ್ಡ್ ಕ್ಯಾನ್ಸರ್ ಆಗಿತ್ತು" ಎಂಬ ಒಂದು ಸಾಲು ಮೊದಲೇ ಗೊತ್ತಿದ್ದರೆ ತಪ್ಪುವ ಸಂಭವ ಬಹಳ ಕಡಿಮೆಯಾಗುತ್ತದೆ. ಆ ಸಾಲನ್ನು ಅರ್ಜಿಯಲ್ಲಿ ಬರೆದಿದ್ದಾರೆಯೇ ಎಂದು ಕೇಳಲು ಸಂಕೋಚಪಡಬೇಡಿ.

ಹೈಪೆಕ್ ಎಂಬ ಬಿಸಿ ಕೀಮೋದ ಬಗ್ಗೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಗಂಟುಗಳನ್ನೆಲ್ಲ ತೆಗೆದ ಮೇಲೆ ಹೊಟ್ಟೆಯೊಳಗೆ ಬಿಸಿ ಮಾಡಿದ ಔಷಧವನ್ನು ಸುತ್ತಿಸುವ ವಿಧಾನ ಅದು. ಕರುಳಿನ ಕ್ಯಾನ್ಸರ್ ಹೊಟ್ಟೆಯ ಪೊರೆಗೆ ಹರಡಿದವರ ಮೇಲೆ ಫ್ರಾನ್ಸಿನಲ್ಲಿ ನಡೆದ ಪ್ರೋಡೀಜ್ 7 ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಗಂಟುಗಳನ್ನು ಪೂರ್ತಿ ತೆಗೆಸಿಕೊಂಡವರು ಹೈಪೆಕ್ ಪಡೆದರೂ ಪಡೆಯದಿದ್ದರೂ ಬದುಕಿದ ಅವಧಿ ಒಂದೇ, ಮಧ್ಯಮ ಲೆಕ್ಕದಲ್ಲಿ ಸುಮಾರು 41 ತಿಂಗಳು. ಹೈಪೆಕ್ ಪಡೆದವರಲ್ಲಿ ತಡವಾಗಿ ಬರುವ ತೊಡಕುಗಳು ಹೆಚ್ಚಿದ್ದವು. ಅಲ್ಲಿ ಬಳಸಿದ್ದು ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧ, ಅರ್ಧ ಗಂಟೆ ಕಾಲ. ಆದ್ದರಿಂದ ಸರ್ಜನ್ ಗಂಟುಗಳನ್ನು ಎಷ್ಟು ಶುದ್ಧವಾಗಿ ತೆಗೆಯುತ್ತಾರೆ ಎಂಬುದನ್ನು ವಿಚಾರಿಸಿ. ಹೈಪೆಕ್ ಯಂತ್ರ ಇದೆಯೇ ಎಂಬುದು ಅದರ ನಂತರದ ಮಾತು.

ಇಂಥ ಆಪರೇಷನ್ ನಂತರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಹಾಗಾಗಿ ಹೆಪರಿನ್ ಜಾತಿಯ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕು ವಾರ, ಮನೆಗೆ ಬಂದ ಮೇಲೂ, ಮುಂದುವರಿಸುತ್ತಾರೆ. ಮಧ್ಯದಲ್ಲಿ ನಿಲ್ಲಿಸಬೇಡಿ. ಒಂದೇ ಕಾಲು ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯ ಮಾಗಿ ಊಟ ಸರಿಯಾದ ಮೇಲೆ, ಸುಮಾರು ನಾಲ್ಕರಿಂದ ಆರು ವಾರಕ್ಕೆ ಕೀಮೋ ಶುರುವಾಗುತ್ತದೆ. ಕೀಮೋ ಜೊತೆ ಕೊಡುವ ಬೆವಾಸಿಜುಮ್ಯಾಬ್ ಎಂಬ ಔಷಧ ಗಾಯ ಮಾಗುವುದನ್ನು ತಡೆಯುತ್ತದೆ. ಆಪರೇಷನ್ ನಂತರ ಕನಿಷ್ಠ 28 ದಿನ ಅದನ್ನು ಕೊಡುವುದಿಲ್ಲ. ಮೊದಲು ಕೀಮೋ ಎಂಬ ದಾರಿ ಹಿಡಿದು ಆಮೇಲೆ ಆಪರೇಷನ್ ಮಾಡುವುದಾದರೆ ಆಪರೇಷನ್‌ಗೆ ಸುಮಾರು ಆರು ವಾರ ಮುಂಚೆಯೇ ಅದನ್ನು ನಿಲ್ಲಿಸಿರಬೇಕು.

ಯಾವ ಕೀಮೋ ಎಂಬುದು ಗಡ್ಡೆಯ ಜೀನ್ ಪರೀಕ್ಷೆಯ ಮೇಲೆ ನಿಂತಿದೆ. ಎಂಎಂಆರ್ ಅಥವಾ ಎಂಎಸ್‌ಐ, ಕೆರಾಸ್, ಎನ್‌ರಾಸ್, ಬಿರಾಫ್, ಹರ್2 ಇಷ್ಟೂ ಬೇಕು. ಇವುಗಳಲ್ಲಿ ಎಂಎಂಆರ್ (ಡಿಎನ್ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ವ್ಯವಸ್ಥೆ) ಫಲಿತಾಂಶ ಮೊದಲು ಕೈಗೆ ಬರಬೇಕು, ಅದರಿಂದ ಔಷಧದ ದಾರಿಯೇ ಬೇರೆಯಾಗುತ್ತದೆ. ಹರಡಿದ ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ನೂರಕ್ಕೆ ಐದರಲ್ಲಿ ಎಂಎಂಆರ್ ದೋಷವಿರುತ್ತದೆ. ಅಂಥವರಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಕೀಮೋಗಿಂತ ಮೇಲೆಂದು 2020ರ ಕೀನೋಟ್-177 ಅಧ್ಯಯನ ತೋರಿಸಿತು: ಕಾಯಿಲೆ ಮುಂದುವರಿಯದೆ ನಿಂತ ಅವಧಿ ಮಧ್ಯಮ ಲೆಕ್ಕದಲ್ಲಿ 16.5 ತಿಂಗಳು, ಕೀಮೋದಲ್ಲಿ 8.2 ತಿಂಗಳು. ಕೆರಾಸ್, ಎನ್‌ರಾಸ್, ಬಿರಾಫ್‌ನಲ್ಲಿ ಬದಲಾವಣೆ ಇಲ್ಲದಿದ್ದರೆ, ಗಡ್ಡೆ ಎಡಗಡೆಯ ಕರುಳಿನದಾದ್ದರಿಂದ, ಸೆಟುಕ್ಸಿಮ್ಯಾಬ್ ಅಥವಾ ಪ್ಯಾನಿಟುಮುಮ್ಯಾಬ್ ಎಂಬ ಔಷಧವನ್ನು ಕೀಮೋಗೆ ಸೇರಿಸಿದರೆ ಲಾಭವಿದೆ. ಕೆರಾಸ್ ಬದಲಾಗಿದ್ದರೆ ಅವೆರಡರಿಂದ ಪ್ರಯೋಜನವಿಲ್ಲ.

ಫೋಲ್ಫಾಕ್ಸಿನಲ್ಲಿರುವ ಆಕ್ಸಾಲಿಪ್ಲಾಟಿನ್ ಒಮ್ಮೆ ಆಗಿರುವುದರಿಂದ ಬೆರಳುಗಳಲ್ಲಿ ಜೋಮು ಈಗಲೂ ಇದೆಯೇ ಎಂದು ಡಾಕ್ಟರಿಗೆ ಮರೆಯದೆ ಹೇಳಿ. ಗುಂಡಿ ಹಾಕಲು ಕಷ್ಟವಾಗುವಷ್ಟಿದ್ದರೆ ಅದೇ ಔಷಧ ಮತ್ತೆ ಬೇಡ. ಸಾಮಾನ್ಯವಾಗಿ ಫೋಲ್ಫಿರಿಗೆ ಬದಲಾಯಿಸುತ್ತಾರೆ. ಅದರಲ್ಲಿ ಇರಿನೋಟೆಕಾನ್, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 180 ಮಿ.ಗ್ರಾಂ. ಲೆಕ್ಕದಲ್ಲಿ, ಜೊತೆಗೆ 46 ಗಂಟೆ ಪಂಪಿನಲ್ಲಿ ಹರಿಯುವ 5-ಎಫ್‌ಯು, ಎರಡು ವಾರಕ್ಕೊಮ್ಮೆ. ಇರಿನೋಟೆಕಾನ್ ಕೊಟ್ಟ ದಿನವೇ ಬೆವರು, ಜೊಲ್ಲು, ಹೊಟ್ಟೆ ಹಿಂಡುವಿಕೆಯೊಂದಿಗೆ ಬರುವ ಭೇದಿಗೆ ಆಸ್ಪತ್ರೆಯಲ್ಲೇ ಅಟ್ರೋಪಿನ್ ಕೊಡುತ್ತಾರೆ. ಒಂದು ದಿನ ಕಳೆದ ಮೇಲೆ ಶುರುವಾಗುವ ಭೇದಿ ಬೇರೆಯದು. ಮೊದಲ ಸಲ ನೀರಾಗಿ ಹೋದ ಕೂಡಲೇ ಲೋಪರಮೈಡ್ 4 ಮಿ.ಗ್ರಾಂ., ಆಮೇಲೆ ಎರಡು ಗಂಟೆಗೊಮ್ಮೆ 2 ಮಿ.ಗ್ರಾಂ., ಭೇದಿ ನಿಂತು 12 ಗಂಟೆಯಾಗುವವರೆಗೆ. ಹೀಗೆ ಎಡೆಬಿಡದೆ 48 ಗಂಟೆ ಮೀರಿ ತೆಗೆದುಕೊಳ್ಳಬಾರದು. ಡಾಕ್ಟರ ಬಳಿ ಈ ಪ್ರಮಾಣವನ್ನು ಖಚಿತ ಮಾಡಿಕೊಂಡು, ಮಾತ್ರೆಯನ್ನು ಮೊದಲೇ ಮನೆಯಲ್ಲಿಟ್ಟುಕೊಳ್ಳಿ. 24 ಗಂಟೆಯಲ್ಲಿ ಹತೋಟಿಗೆ ಬಾರದಿದ್ದರೆ, ಅಥವಾ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ರಾತ್ರಿಯಾಗಿದೆ ಎಂದು ಬೆಳಗಿನವರೆಗೆ ಕಾಯಬೇಡಿ. ಶುರು ಮಾಡುವ ಮೊದಲು ಡಿಪಿವೈಡಿ ಮತ್ತು ಯುಜಿಟಿ1ಎ1 ಎಂಬ ಜೀನ್ ಪರೀಕ್ಷೆಗಳ ಬಗ್ಗೆಯೂ ಕೇಳಿ. ಮೊದಲನೆಯದು 5-ಎಫ್‌ಯು, ಎರಡನೆಯದು ಇರಿನೋಟೆಕಾನ್ ದೇಹದಲ್ಲಿ ವಿಷವಾಗಿ ಉಳಿಯುವವರನ್ನು ಗುರುತಿಸುತ್ತದೆ. ಫೋಲ್ಫಾಕ್ಸಿನಲ್ಲಿ 5-ಎಫ್‌ಯು ತಡೆದುಕೊಂಡಿದ್ದರೆ ಮೊದಲನೆಯದರ ಚಿಂತೆ ಕಡಿಮೆ.

43ನೇ ವಯಸ್ಸಿನಲ್ಲಿ ಎರಡೂ ಅಂಡಾಶಯ ಹೋದರೆ ಮುಟ್ಟು ಮೆಲ್ಲಗೆ ನಿಲ್ಲುವುದಿಲ್ಲ, ಒಂದೇ ದಿನದಲ್ಲಿ ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಮೈ ಬಿಸಿಯೇರಿ ಬೆವರುವುದು, ನಿದ್ದೆ ಬಾರದಿರುವುದು, ಯೋನಿ ಒಣಗುವುದು ಶುರುವಾಗಬಹುದು. ಕ್ಯಾನ್ಸರಿನ ಗದ್ದಲದಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಹೆಣ್ಣುಮಕ್ಕಳೂ ಹೇಳಿಕೊಳ್ಳುವುದಿಲ್ಲ. ಕರುಳಿನ ಕ್ಯಾನ್ಸರ್ ಹಾರ್ಮೋನಿನಿಂದ ಬೆಳೆಯುವ ಜಾತಿಯದಲ್ಲ, ಆದ್ದರಿಂದ ಈಸ್ಟ್ರೋಜನ್ ಚಿಕಿತ್ಸೆ ಇವರಿಗೆ ನಿಷಿದ್ಧವಲ್ಲ. ಗರ್ಭಕೋಶ ಉಳಿದಿದ್ದರೆ ಅದರ ಜೊತೆ ಪ್ರೊಜೆಸ್ಟೆರಾನ್ ಕೂಡ ಬೇಕು. ರಕ್ತ ಹೆಪ್ಪುಗಟ್ಟುವ ಭಯವಿರುವುದರಿಂದ ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಜೆಲ್ ಮೇಲು. ಕೀಮೋ ನಡೆಯುವಾಗ ಬೇಡವೆಂದು ಡಾಕ್ಟರು ಹೇಳಿದರೆ ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್‌ನಂಥ ಔಷಧಗಳಿಂದ ಬಿಸಿಯೇರುವುದು ತಗ್ಗುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಒಮ್ಮೆ ಮಾಡಿಸಿಟ್ಟುಕೊಳ್ಳಲಿ. ಮಕ್ಕಳ ಆಸೆ ಇನ್ನೂ ಇದ್ದರೆ ಆಪರೇಷನ್‌ಗೆ ಮೊದಲೇ ಸಂತಾನ ತಜ್ಞರ ಜೊತೆ ಮಾತಾಡಬೇಕು. ಆದರೆ ಕಾಯಿಲೆಯಿರುವ ಅಂಡಾಶಯದ ತುಣುಕನ್ನು ಶೀತಲೀಕರಿಸಿ ಮುಂದೆ ಮತ್ತೆ ಕಸಿ ಮಾಡುವಂತಿಲ್ಲ, ಕ್ಯಾನ್ಸರ್ ಕೋಶಗಳೂ ಅದರೊಂದಿಗೇ ಮರಳುತ್ತವೆ.

ಮುಂದೆ ಹೇಗೆ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿರುತ್ತದೆ. ಇದು ಗಂಭೀರ ಸ್ಥಿತಿ, ಮರುಕಳಿಸುವ ಸಂಭವ ಹೆಚ್ಚು. ಕಾಯಿಲೆ ಅಂಡಾಶಯಕ್ಕೆ ಸೀಮಿತವಾಗಿದ್ದು ಪೂರ್ತಿ ತೆಗೆಯಲು ಸಾಧ್ಯವಾದವರು, ಹೊಟ್ಟೆಯ ಪೊರೆಗೂ ಹರಡಿದವರಿಗಿಂತ ಸ್ಪಷ್ಟವಾಗಿ ಹೆಚ್ಚು ಕಾಲ ಬದುಕುತ್ತಾರೆ, ಕೆಲವರು ಹಲವು ವರ್ಷ. ಕರುಳಿನ ಕ್ಯಾನ್ಸರಿನ ಹಂತಗಳ ಲೆಕ್ಕದಲ್ಲಿ ಎರಡೂ ಅಂಡಾಶಯ ಸೇರಿ ಒಂದೇ ಅಂಗ, ಅದಕ್ಕೆ ಎಂ1ಎ ಎಂದು ಬರೆಯುತ್ತಾರೆ. ಪೊರೆಗೂ ಹೋಗಿದ್ದರೆ ಅದು ಎಂ1ಸಿ. ಆಪರೇಷನ್ ರಿಪೋರ್ಟು ಬಂದ ಮೇಲೆ ಈ ಎರಡರಲ್ಲಿ ಯಾವುದು ಎಂದು ಕೇಳಿ. ನಂತರದ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಸಿಇಎ, ಮೂರರಿಂದ ಆರು ತಿಂಗಳಿಗೊಮ್ಮೆ ಸಿಟಿ ಸಾಮಾನ್ಯ ಕ್ರಮ.

ಕೊನೆಯದಾಗಿ ನಿಮ್ಮ ಬಗ್ಗೆ. ಅಕ್ಕನಿಗೆ ಮೊದಲು ಕಾಯಿಲೆ ಕಂಡದ್ದು 41ರಲ್ಲಿ. ಆ ವಯಸ್ಸಿನ ಕರುಳಿನ ಕ್ಯಾನ್ಸರ್ ಎಂದರೆ ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ದೋಷವನ್ನು (ಎಂಎಂಆರ್ ಜೀನ್ ಹುಟ್ಟಿನಿಂದಲೇ ಕೆಟ್ಟಿರುವುದು) ನೋಡಲೇಬೇಕು. ಅದಿದ್ದವರಲ್ಲಿ ಕರುಳು, ಗರ್ಭಕೋಶ, ಅಂಡಾಶಯ ಮೂರರಲ್ಲೂ ಬೇರೆ ಬೇರೆಯಾಗಿ ಕ್ಯಾನ್ಸರ್ ಹುಟ್ಟಬಹುದು. ಹಾಗಾಗಿ "ಇದು ಹೊಸ ಅಂಡಾಶಯದ ಕ್ಯಾನ್ಸರ್" ಎಂಬ ಮೊದಲ ಡಾಕ್ಟರ ಮಾತು ನಿಜವಾಗುವ ಒಂದು ದಾರಿಯೂ ಅದೇ. ಎಂಎಂಆರ್ ಪರೀಕ್ಷೆ ಹಳೆಯ ಗಡ್ಡೆಯ ಮೇಲೆ ಈಗಾಗಲೇ ಆಗಿರಬಹುದು, ರಿಪೋರ್ಟಿನಲ್ಲಿ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ನಾಲ್ಕು ಹೆಸರು ಹುಡುಕಿ. ನಾಲ್ಕೂ "ಉಳಿದಿವೆ" (ರಿಟೇನ್ಡ್ ಅಥವಾ ಇಂಟ್ಯಾಕ್ಟ್) ಎಂದಿದ್ದರೆ ಲಿಂಚ್ ಸಂಭವ ಬಹಳ ಕಡಿಮೆ. ಆದರೂ ಒಡಹುಟ್ಟಿದವರು 40ನೇ ವಯಸ್ಸಿಗೆ, ಅಥವಾ ಮನೆಯಲ್ಲಿ ಅತಿ ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಬಂದವರಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ನಿಮ್ಮ ಮನೆಯಲ್ಲಿ ಆ ವಯಸ್ಸು 31. ಆಮೇಲೆ ಐದು ವರ್ಷಕ್ಕೊಮ್ಮೆ. ಲಿಂಚ್ ಖಚಿತವಾದರೆ ಒಂದೆರಡು ವರ್ಷಕ್ಕೊಮ್ಮೆ. ನೀವು 31 ದಾಟಿದ್ದು ಇನ್ನೂ ಮಾಡಿಸಿಲ್ಲವಾದರೆ, ಅಕ್ಕನ ಆಪರೇಷನ್ ಮುಗಿಯಲಿ ಎಂದು ಮುಂದೂಡದೆ ಈ ತಿಂಗಳೇ ದಿನ ಗೊತ್ತುಮಾಡಿಕೊಳ್ಳಿ.